ಅವರು ಬದಲಾಗುತ್ತಿದ್ದಾರಾ ಎಂದು ತಿಳಿಯುವುದು ಹೇಗೆ, ಅಲ್ಲಿಯವರೆಗೆ ಮನಸ್ಸು ಕಾಪಾಡಿಕೊಳ್ಳುವುದು ಹೇಗೆ

"ಇನ್ಮೇಲೆ ಹೀಗೆ ಮಾಡಲ್ಲ, ನಂಬು" ಎಂದು ಯಾರಾದರೂ ಅಂದಾಗ, ನಂಬಬೇಕಾ ಬೇಡವಾ ಎಂದು ಆ ಕ್ಷಣದಲ್ಲೇ ತೀರ್ಮಾನ ಮಾಡಲು ಹೋಗಬೇಡಿ. ಆಗ ಅವರ ಕಣ್ಣಲ್ಲೂ ನೀರಿರುತ್ತದೆ, ನಿಮ್ಮ ಕಣ್ಣಲ್ಲೂ. ಅವರು ಸುಳ್ಳು ಹೇಳುತ್ತಿರಬೇಕು ಅಂತೇನಿಲ್ಲ. ಅದೇ ಜಗಳ ಮತ್ತೊಮ್ಮೆ ಬರುತ್ತದಲ್ಲ, ಆಗ ನೋಡಿ.

ಮನುಷ್ಯರು ಬದಲಾಗುತ್ತಾರಾ? ಆಗುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವ ಗಾದೆ ಬೈಯಲು ಚೆನ್ನಾಗಿದೆ, ಅಷ್ಟೇ. ಮನಃಶಾಸ್ತ್ರಜ್ಞ ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 2006ರಲ್ಲಿ, ಜನರ ಸ್ವಭಾವವನ್ನು ವರ್ಷಗಟ್ಟಲೆ ಗಮನಿಸಿದ 92 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅದರಲ್ಲೂ 20ರಿಂದ 40 ವಯಸ್ಸಿನೊಳಗೆ ಜನ ಸರಾಸರಿಯಾಗಿ ಹೆಚ್ಚು ಜವಾಬ್ದಾರಿಯವರೂ ಸಮಾಧಾನದವರೂ ಆಗುತ್ತಾರೆ ಎಂದು ಕಂಡಿತು. ಸರಾಸರಿ ಮಾತ್ರ. ನಿಮ್ಮ ಎದುರಿಗಿರುವವರು ಹಾಗೇ ಆಗುತ್ತಾರೆ ಅಂತ ಯಾರೂ ಬರೆದುಕೊಟ್ಟಿಲ್ಲ.

ನನ್ನ ಗಂಡನಿಗೆ ಮಾತು ಬಿಡುವ ಅಭ್ಯಾಸ ಇತ್ತು. ಸಣ್ಣ ವಾದವಾದರೂ ಸಾಕು, ದಿನಗಟ್ಟಲೆ ಮುಖ ಗಂಟು. ಕೊನೆಗೆ ಸಾರಿ ಕೇಳುತ್ತಿದ್ದರು, ಚೆನ್ನಾಗಿಯೇ ಕೇಳುತ್ತಿದ್ದರು. ಅದರಿಂದ ಏನೂ ಆಗಲಿಲ್ಲ. ಒಂದು ಸಂಜೆ ಜಗಳದ ಮಧ್ಯೆ ಎದ್ದು ಬಾಗಿಲವರೆಗೆ ಹೋದರು. ಕೈ ಚಿಲಕದ ಮೇಲೆ, ಕಿವಿ ಕೆಂಪಗೆ. ತಿರುಗಿ ನೋಡದೆಯೇ "ಅರ್ಧ ಗಂಟೆ ಕೊಡು, ಈಗ ಮಾತಾಡಿದರೆ ಕೆಟ್ಟದಾಗುತ್ತೆ" ಅಂದರು. ಹೋದರು. ಹೇಳಿದ ಹೊತ್ತಿಗೆ ಬಂದು ಕುರ್ಚಿ ಎಳೆದು ಕೂತರು. ಮುಖ ಇನ್ನೂ ಬಿಗಿದೇ ಇತ್ತು, ಆದರೆ ಮಾತಾಡಿದರು.

ನೀವು ಹುಡುಕಬೇಕಾದ್ದು ಇಂಥದ್ದನ್ನು. ಸಿಟ್ಟು ಹಳೆಯದೇ, ನಡೆದುಕೊಂಡ ರೀತಿ ಹೊಸದು. ನಾನು ಅತ್ತಿರಲಿಲ್ಲ, ಬಿಟ್ಟು ಹೋಗುತ್ತೇನೆ ಅಂತ ಹೆದರಿಸಿಯೂ ಇರಲಿಲ್ಲ. "ಒಳ್ಳೆಯವನಾಗ್ತೀನಿ" ಅನ್ನುವುದಕ್ಕಿಂತ "ಹೀಗಾದಾಗ ಹೀಗೆ ಮಾಡ್ತೀನಿ" ಎಂದು ಮೊದಲೇ ಗೊತ್ತುಮಾಡಿಕೊಂಡವರು ಅದನ್ನು ನಡೆಸಿಕೊಡುವುದು ಜಾಸ್ತಿ. ಮನಃಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1990ರ ದಶಕದಲ್ಲಿ ಮಾಡಿದ ಪ್ರಯೋಗಗಳು ಇದನ್ನೇ ತೋರಿಸಿದವು.

ಹಾಗಾಗಿ ಕ್ಷಮೆ ಕೇಳಿದವರಿಗೆ ಒಂದೇ ಪ್ರಶ್ನೆ ಕೇಳಿ: "ಮುಂದಿನ ಸಲ ಹೀಗೇ ಆದಾಗ ಏನು ಮಾಡ್ತೀಯಾ?" ಉತ್ತರ ಬಂದರೆ ದಿನಾಂಕ ಹಾಕಿ ಬರೆದಿಡಿ. "ನಿಂಗೆ ನನ್ನ ಮೇಲೆ ನಂಬಿಕೇನೇ ಇಲ್ಲ" ಅಂತ ಮಾತು ತಿರುಗಿಸಿದರೆ ಅದನ್ನೂ ಬರೆದಿಡಿ. ನೆನಪನ್ನು ನಂಬಬೇಡಿ, ಪ್ರೀತಿ ಇದ್ದ ಕಡೆ ನೆನಪು ಬಹಳ ಉದಾರಿ.

ಎಷ್ಟು ದಿನ ಕಾಯಬೇಕು? ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ನಡೆಸಿದ ಅಧ್ಯಯನದಲ್ಲಿ ದಿನವೂ ಮಾಡುವ ಒಂದು ಸಣ್ಣ ಅಭ್ಯಾಸ ಕೂರಲು ಸರಾಸರಿ 66 ದಿನ ಬೇಕಾಯಿತು. ಒಬ್ಬೊಬ್ಬರಿಗೆ 18 ದಿನದಿಂದ 254 ದಿನದವರೆಗೆ ಅಂದಾಜು. ಅದೂ ಊಟ, ನೀರು, ವ್ಯಾಯಾಮದಂಥ ವಿಷಯಕ್ಕೆ. ಸಿಟ್ಟು, ಸುಳ್ಳಿಗೆಲ್ಲ ಇನ್ನೂ ಜಾಸ್ತಿಯೇ ಅಂದುಕೊಳ್ಳಿ. ನಡುವೆ ಒಂದು ಸಲ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ ಎಂಬುದೂ ಅದರಲ್ಲೇ ಇದೆ. ಆದ್ದರಿಂದ ಒಮ್ಮೆ ಜಾರಿದರು ಅಂತ ಬಾಗಿಲು ಹಾಕಬೇಡಿ. ಜಾರಿದ್ದನ್ನು ತಾವಾಗಿ ಒಪ್ಪಿಕೊಂಡರಾ, ನೀವೇ ಹಿಡಿಯಬೇಕಾಯಿತಾ ನೋಡಿ.

ಕೈ ಎತ್ತುವವರಿಗೆ ಈ ಲೆಕ್ಕ ಯಾವುದೂ ಇಲ್ಲ. ಮೊದಲು ಅಲ್ಲಿಂದ ಸುರಕ್ಷಿತವಾಗಿ ದೂರವಾಗಿ. ಅವರು ಬದಲಾಗುವುದಿದ್ದರೆ ನೀವಿಲ್ಲದಾಗಲೂ ಆಗಬಹುದು.

ಇನ್ನು ನನ್ನ ಗೆಳತಿಯೊಬ್ಬಳು. ನಂಬಿ ಹೇಳಿದ್ದು ನಾಲ್ಕು ಜನಕ್ಕೆ ಗೊತ್ತಾಗುತ್ತಿತ್ತು. ಕೇಳಿದರೆ ಅಳು, ಆಮೇಲೆ ಕೆಲವು ವಾರ ಅವಳಷ್ಟು ಒಳ್ಳೆಯವರು ಇಲ್ಲ. ಸುಮ್ನೆ ಪೂರ್ತಿ ಕೆಟ್ಟವಳಾಗಿದ್ದರೆ ಬಿಡುವುದು ಸುಲಭವಿತ್ತು, ಅಲ್ವಾ? ಯಾವಾಗ ಕಾಳು ಸಿಗುತ್ತದೆ ಎಂದು ಗೊತ್ತಿಲ್ಲದ ಪಾರಿವಾಳ, ಕಾಳು ನಿಂತ ಮೇಲೂ ಬಹಳ ಹೊತ್ತು ಗುಂಡಿಯನ್ನು ಕುಟುಕುತ್ತಲೇ ಇರುತ್ತದೆ. ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇದನ್ನು ಪ್ರಯೋಗಶಾಲೆಯಲ್ಲೇ ನೋಡಿದ್ದರು. ಆಗೊಮ್ಮೆ ಈಗೊಮ್ಮೆ ಸಿಗುವ ಒಳ್ಳೆಯತನಕ್ಕೆ ನಾವೂ ಹಾಗೇ ಅಂಟಿಕೊಳ್ಳುತ್ತೇವೆ.

ಅವಳ ಜೊತೆ ಜಗಳವಾಡಲಿಲ್ಲ, ಕೊಡುವುದನ್ನು ಕಡಿಮೆ ಮಾಡಿದೆ. ಹರಟೆ ಹೊಡೆಯುತ್ತೇವೆ, ನಗುತ್ತೇವೆ, ಗುಟ್ಟು ಹೇಳುವುದಿಲ್ಲ. ಮನಸ್ಸು ಒಡೆಯದಂತೆ ನೋಡಿಕೊಳ್ಳಲು ನನಗೆ ಗೊತ್ತಿರುವ ದಾರಿ ಇದೇ. ಇವತ್ತು ಅವರು ಹೇಗಿದ್ದಾರೋ ಅಷ್ಟಕ್ಕೆ ತಕ್ಕಂತೆ ನಂಬಿ. ನಾಳೆ ಆಗಬಹುದಾದವರ ಲೆಕ್ಕದಲ್ಲಿ ಇವತ್ತೇ ಕೆಲಸ ಬಿಡುವುದು, ಸಾಲಕ್ಕೆ ಸಹಿ ಹಾಕುವುದು, ಉಳಿದ ಗೆಳೆಯರನ್ನು ದೂರ ಮಾಡುವುದು ಬೇಡ. ಉಳಿದ ಗೆಳೆಯರಂತೂ ಇರಲೇಬೇಕು. ಅಳಲು ಇನ್ನೊಂದು ಭುಜ ಇದ್ದರೆ ಹೆದರಿ ಒಪ್ಪಿಕೊಳ್ಳುವ ಪ್ರಮೇಯ ಬರುವುದಿಲ್ಲ.

"ಇನ್ನೆಷ್ಟು ದಿನ ಈ ಪರೀಕ್ಷೆ?" ಎಂದು ನನ್ನವರು ಒಮ್ಮೆ ಕೇಳಿದರು. ನ್ಯಾಯವಾದ ಪ್ರಶ್ನೆ. ನಿಮ್ಮವರು ಕೇಳಿದರೆ ಸಿಡುಕಬೇಡಿ. ಬರೆದಿಟ್ಟದ್ದನ್ನು ತೆಗೆದು ಜೊತೆಗೆ ಓದಿ. ಏನು ಸರಿಯಾಗಿದೆ, ಏನು ಬಾಕಿ ಇದೆ ಎಂದು ನೇರವಾಗಿ ಹೇಳಿ. ಸರಿಯಾದ ಸಾಲುಗಳನ್ನು ಅವರ ಕೈಯಲ್ಲೇ ಹೊಡೆದುಹಾಕಿಸಿ. ಆಮೇಲೆ ಅವನ್ನು ಮುಂದಿನ ಜಗಳಕ್ಕೆ ಎಳೆದು ತರಬೇಡಿ.