ಸ್ಕ್ಯಾನ್ ನಾರ್ಮಲ್, ತಲೆ ಮಾತ್ರ ಓಡುತ್ತಿಲ್ಲ

ಜಿಲ್ಲಾ ಕೇಂದ್ರವೊಂದರಲ್ಲಿ ಮನೋವೈದ್ಯನಾಗಿರುವ ನನ್ನ ಬಳಿಗೆ 2021ರ ಎರಡನೇ ಅಲೆಯ ನಂತರ ಬರತೊಡಗಿದ ಅನೇಕರ ದೂರು ಹೆಚ್ಚುಕಡಿಮೆ ಒಂದೇ ಆಗಿತ್ತು: ಕೋವಿಡ್ ವಾಸಿಯಾಗಿ ತಿಂಗಳುಗಳೇ ಕಳೆದರೂ ತಲೆಗೆ ಮಂಕು ಕವಿದಂತಿದೆ, ಓದಿದ್ದು ನಿಲ್ಲುವುದಿಲ್ಲ, ಸಣ್ಣದಕ್ಕೂ ಗಾಬರಿಯಾಗುತ್ತದೆ. ಕೈಯಲ್ಲಿರುವ ಎಂ.ಆರ್.ಐ. ವರದಿ ಮಾತ್ರ ನಾರ್ಮಲ್. “ಇವರಿಗೇನೂ ಇಲ್ವಂತೆ ಸಾರ್, ಸುಮ್ನೆ ಯೋಚ್ನೆ ಮಾಡ್ತಾರೆ” ಎಂದು ಮನೆಯವರು ಆಗಲೇ ತೀರ್ಪು ಕೊಟ್ಟಿರುತ್ತಿದ್ದರು.

ಆದ್ದರಿಂದ ಆ ವರದಿಯನ್ನು ಬಿಡಿಸಿ ಹೇಳುವುದರಿಂದಲೇ ನಾನು ಚಿಕಿತ್ಸೆಯನ್ನು ಆರಂಭಿಸುತ್ತೇನೆ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಸಂಶೋಧಕರ ಅಧ್ಯಯನದಲ್ಲಿ 785 ಮಂದಿಯ ಮಿದುಳನ್ನು ಎರಡೆರಡು ಬಾರಿ ಸ್ಕ್ಯಾನ್ ಮಾಡಲಾಗಿತ್ತು. ನಡುವಿನ ಅವಧಿಯಲ್ಲಿ ಸೋಂಕು ತಗುಲಿದ್ದ 401 ಜನರಲ್ಲಿ, ಅವರಲ್ಲಿ ಬಹುಪಾಲಿನವರ ಕಾಯಿಲೆ ಸೌಮ್ಯವಾಗಿದ್ದರೂ, ವಾಸನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳಲ್ಲಿನ ಬದಲಾವಣೆ ಉಳಿದವರಿಗಿಂತ ಸರಾಸರಿ ಶೇ. 0.2ರಿಂದ 2ರಷ್ಟು ಹೆಚ್ಚಾಗಿತ್ತು. ಇಷ್ಟು ಸೂಕ್ಷ್ಮವಾದ ವ್ಯತ್ಯಾಸ ನೂರಾರು ಜನರನ್ನು ಹೋಲಿಸಿದಾಗ ಕಾಣುತ್ತದೆಯೇ ಹೊರತು ಒಬ್ಬರ ಫಿಲ್ಮಿನಲ್ಲಿ ಕಾಣುವುದಿಲ್ಲ; ಗೆಡ್ಡೆಯಿಲ್ಲ, ಪಾರ್ಶ್ವವಾಯುವಿಲ್ಲ ಎಂಬುದಷ್ಟೇ ‘ನಾರ್ಮಲ್’ ಎಂಬುದರ ಅರ್ಥ. ವೈರಸ್ ಮಿದುಳಿನೊಳಗೆ ಹೊಕ್ಕೇ ತೊಂದರೆ ಕೊಡಬೇಕೆಂದೂ ಇಲ್ಲ. ಶ್ವಾಸಕೋಶದ ಸೋಂಕಿಗೆ ರೋಗನಿರೋಧಕ ವ್ಯವಸ್ಥೆ ಹೊರಡಿಸುವ ರಾಸಾಯನಿಕಗಳು ಮಿದುಳಿನ ರಕ್ಷಕ ಕೋಶಗಳನ್ನು ಕೆರಳಿಸಬಲ್ಲವೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಹಾಗೆಂದು ಎಲ್ಲವನ್ನೂ ಕೋವಿಡ್‌ನ ಲೆಕ್ಕಕ್ಕೇ ಬರೆಯುವುದೂ ತಪ್ಪು. ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಇವಿಷ್ಟನ್ನು ನೋಡದೆ ನಾನು ಮುಂದುವರಿಯುವುದಿಲ್ಲ. ಗೊರಕೆ ಮತ್ತು ನಿದ್ದೆಯ ಬಗ್ಗೆ ಮನೆಯವರನ್ನೇ ಕೇಳುತ್ತೇನೆ. ಖಿನ್ನತೆಯಿದ್ದರೆ ಅದಕ್ಕೆ ಪ್ರತ್ಯೇಕವಾಗಿ ಔಷಧ ಕೊಡುತ್ತೇನೆ.

ಆಮೇಲೆ ಗಮನ ಮತ್ತು ನೆನಪಿನ ಪರೀಕ್ಷೆ. ದಿನಸಿ ಅಂಗಡಿಯ ಮಾಲೀಕರೊಬ್ಬರು ಹಿಂದೆ ಉದ್ದನೆಯ ಚೀಟಿಯನ್ನೂ ಬಾಯಲ್ಲೇ ಕೂಡಿ ಹೇಳುತ್ತಿದ್ದವರು. ನೂರರಿಂದ ಏಳೇಳು ಕಳೆಯಲು ಹೇಳಿದಾಗ 93, 86 ಎಂದವರು ಕಣ್ಣು ಮುಚ್ಚಿ, “ಎಷ್ಟರಲ್ಲಿದ್ದೆ ಸಾರ್?” ಎಂದು ನನ್ನನ್ನೇ ಕೇಳಿದರು. ನೆನಪಿಟ್ಟುಕೊಳ್ಳಲು ಕೊಟ್ಟ ಐದು ಪದಗಳಲ್ಲಿ ಎರಡು ಹೊಳೆದವು. ಇನ್ನೊಂದು, ಅದು ಬಣ್ಣದ ಹೆಸರೆಂದು ಸುಳಿವು ಕೊಟ್ಟೊಡನೆ ಹೊರಬಂತು. ಸುಳಿವಿಗೆ ಸಿಗುವ ನೆನಪು ಅಳಿಸಿಹೋಗಿರುವುದಿಲ್ಲ. ಅದನ್ನು ಹುಡುಕಿ ತೆಗೆಯುವ ಶಕ್ತಿ ಕುಗ್ಗಿರುತ್ತದೆ. ಮರೆವಿನ ರೋಗ ಶುರುವಾಯಿತೆಂದು ಹೆದರಿದ್ದ ಅವರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ ಆಗಿತ್ತು.

ಚಿಕಿತ್ಸೆಯಲ್ಲಿ ಹೆಚ್ಚು ಕಷ್ಟವಾಗುವುದು ದುಡಿಮೆಗೆ ಮಿತಿ ಹಾಕುವುದು. ಚೆನ್ನಾಗಿರುವ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಿ ಮರುದಿನದಿಂದ ಮೇಲೇಳಲಾಗದೆ ಮಲಗುವ ರೋಗಿಗಳಿಗೆ, ದಣಿವಾಗುವ ಮೊದಲೇ ಕೆಲಸ ನಿಲ್ಲಿಸಬೇಕೆಂಬ ಮಾತು ರುಚಿಸುವುದಿಲ್ಲ. ಎಷ್ಟು ಹೊತ್ತು ಏನು ಮಾಡಿದಿರಿ, ಮರುದಿನ ಹೇಗಿತ್ತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ವ್ಯಾಯಾಮದ ನಂತರ ಲಕ್ಷಣಗಳು ಉಲ್ಬಣಿಸುವವರಿಗೆ ದಿನೇದಿನೇ ನಡಿಗೆ ಹೆಚ್ಚಿಸಿ ಎಂದು ಹೇಳುವುದಿಲ್ಲ. ಅಂಗಡಿಯವರು ಕ್ಯಾಲ್ಕುಲೇಟರ್ ಹಿಡಿದರು, ಮಧ್ಯಾಹ್ನದ ವ್ಯಾಪಾರವನ್ನು ಮಗನಿಗೆ ಬಿಟ್ಟರು. ನಿಧಾನವಾಗಿ ಸುಧಾರಿಸಿದ್ದಾರೆ, ಆದರೆ ಬಾಯಿಲೆಕ್ಕದ ಮೊದಲಿನ ವೇಗ ಇನ್ನೂ ಬಂದಿಲ್ಲ. ಜ್ಞಾಪಕಶಕ್ತಿಯ ಟಾನಿಕ್ ಬರೆದುಕೊಡಿ ಎಂದು ಅವರ ಮನೆಯವರು ಈಗಲೂ ಕೇಳುತ್ತಾರೆ, ನಾನು ಬರೆಯುವುದಿಲ್ಲ.