ಐದನೇ ಸಲ ಉಳಿದ ಕ್ಲೌನ್ ಮರಿಗಳು

ಬೆಂಗಳೂರಿನ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಉಪ್ಪುನೀರಿನ ಟ್ಯಾಂಕ್ ಇದೆ. 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಸುಮಾರು 560 ಲೀಟರ್ ನೀರು ಹಿಡಿಯುತ್ತದೆ. ನೀರು, ಕಲ್ಲು, ಗಾಜು, ಸ್ಟ್ಯಾಂಡ್ ಎಲ್ಲ ಸೇರಿ ಮುಕ್ಕಾಲು ಟನ್ ಭಾರ. ಅದಕ್ಕೇ ನೆಲಮಹಡಿಯ ಮನೆಗೆ ಬರುವವರೆಗೂ ಇದಕ್ಕೆ ಕೈ ಹಾಕಿರಲಿಲ್ಲ. ಇದರಲ್ಲಿ ನನ್ನ ಕ್ಲೌನ್ ಮೀನುಗಳು (ಮೈಮೇಲೆ ಬಿಳಿ ಪಟ್ಟೆ ಇರುವ ಪುಟ್ಟ ಸಮುದ್ರದ ಮೀನು) ಸಲೀಸಾಗಿ ಮೊಟ್ಟೆ ಇಟ್ಟವು. ಮರಿ ಉಳಿಸಿಕೊಳ್ಳಲು ಮಾತ್ರ ಐದನೇ ಸಲದವರೆಗೆ ಕಾಯಬೇಕಾಯಿತು. ಮೊದಲ ವಾರ ಆ ಪುಟ್ಟ ಬಾಯಿಗೆ ಹಿಡಿಸುವ ಊಟ ಒದಗಿಸುವುದೇ ಇಡೀ ಕೆಲಸದ ಕಷ್ಟದ ಭಾಗ. ಹಾಗಾಗಿ ಅದನ್ನೇ ಜಾಸ್ತಿ ಬರೆಯುತ್ತೇನೆ.

ಟ್ಯಾಂಕ್‌ನಲ್ಲಿ ಹವಳ ಇಲ್ಲ. ನೋಡಲು ಬಂದವರು ಮೊದಲು ಕೇಳುವುದೇ ಅದನ್ನು. ನಮ್ಮ ದೇಶದಲ್ಲಿ 2001ರಿಂದ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಸಮುದ್ರದಿಂದ ಕದ್ದು ಒಡೆದು ತಂದ ತುಂಡು ನನ್ನ ಮನೆಗೆ ಬೇಡ. ಸೆರಾಮಿಕ್ ಕಲ್ಲುಗಳನ್ನು ಜೋಡಿಸಿ ದಿಬ್ಬ ಮಾಡಿದೆ. ಮೊದಲು ಬೆಳ್ಳಗೆ ಬಿಕೋ ಅನ್ನುತ್ತಿತ್ತು. ಎರಡು ವರ್ಷದಲ್ಲಿ ನೇರಳೆ ಬಣ್ಣದ ಸುಣ್ಣದ ಪಾಚಿ ಹತ್ತಿಕೊಂಡು ಈಗ ಸಮುದ್ರದೊಳಗಿನ ಬಂಡೆಯ ಹಾಗೇ ಕಾಣುತ್ತದೆ.

ನೀರಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, 700 ದಾಟುತ್ತದೆ. ಆರ್‌ಒ ಆದ ಮೇಲೆ, ಉಳಿದ ಲವಣವನ್ನೂ ಹೀರುವ ಡಿಐ ರಾಳದ ಮೂಲಕ ಹಾಯಿಸಿ ಸೊನ್ನೆಗೆ ಇಳಿಸುತ್ತೇನೆ. ಆಮೇಲೆ ಲೀಟರ್‌ಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು ಹಾಕಿ ಒಂದು ದಿನ ಪಂಪ್‌ನಲ್ಲಿ ಕಲಕಲು ಬಿಡುತ್ತೇನೆ. ಸಾಂದ್ರತೆ 1.025, ಉಷ್ಣತೆ 26 ಡಿಗ್ರಿ. ಏಪ್ರಿಲ್, ಮೇನಲ್ಲಿ ಚಿಲ್ಲರ್ ಇಲ್ಲದೆ ಆಗುವುದಿಲ್ಲ. ಹೊಸ ಟ್ಯಾಂಕ್‌ನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ಆರು ವಾರ ಹಿಡಿಯಿತು. ಅಷ್ಟು ದಿನ ಮೀನಿಲ್ಲದ ನೀರನ್ನೇ ನೋಡುತ್ತಾ ಕೂತಿದ್ದೆ. ಇಲ್ಲಿ ಅವಸರ ಮಾಡಬೇಡಿ.

ಅವಸರಕ್ಕೆ ನಾನು ದಂಡ ತೆತ್ತದ್ದು ಮುಂದಿನ ಹಂತದಲ್ಲಿ. ಅಂಗಡಿಯಿಂದ ತಂದ ಹೊಸ ಮೀನೊಂದನ್ನು ಬೇರೆ ಇಡದೆ ನೇರವಾಗಿ ಬಿಟ್ಟೆ. ಹತ್ತು ದಿನದಲ್ಲಿ ಎಲ್ಲ ಮೀನುಗಳ ಮೈಮೇಲೂ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ, ಒಂದು ಪರಾವಲಂಬಿ ಜೀವಿಯ ಕಾಟ. ನಾಲ್ಕು ಮೀನು ಹೋದವು. ಇದಕ್ಕೆ ತಾಮ್ರದ ಔಷಧಿ ಕೆಲಸ ಮಾಡುತ್ತದೆ, ಆದರೆ ದೊಡ್ಡ ಟ್ಯಾಂಕ್‌ಗೆ ಅದನ್ನು ಹಾಕಿದರೆ ಸಿಗಡಿ, ಬಸವನಹುಳು ಎಲ್ಲ ಸಾಯುತ್ತವೆ. ಉಳಿದ ಮೀನುಗಳನ್ನು ಬೇರೆ ತೊಟ್ಟಿಯಲ್ಲಿಟ್ಟು ಔಷಧಿ ಕೊಟ್ಟೆ. ದೊಡ್ಡ ಟ್ಯಾಂಕನ್ನು ಎರಡೂವರೆ ತಿಂಗಳು ಮೀನಿಲ್ಲದೆ ಖಾಲಿ ಬಿಟ್ಟೆ. ಅಂಟಿಕೊಳ್ಳಲು ಮೀನೇ ಇಲ್ಲದಿದ್ದರೆ ಆ ಪರಾವಲಂಬಿ ತಾನಾಗೇ ಸಾಯುತ್ತದೆ. ಈಗ ಹೊಸ ಮೀನು ಏನೇ ಬರಲಿ, ಒಂದು ತಿಂಗಳು ಬೇರೆ ತೊಟ್ಟಿಯಲ್ಲೇ ಇರಬೇಕು.

ಬದುಕುಳಿದವುಗಳಲ್ಲಿ ಎರಡು ಕ್ಲೌನ್ ಮೀನುಗಳಿದ್ದವು. ಎರಡೂ ಸಮುದ್ರದಲ್ಲಿ ಹಿಡಿದವಲ್ಲ, ಹ್ಯಾಚರಿಯಲ್ಲಿ ಹುಟ್ಟಿದವು. ಒಂದು ದೊಡ್ಡದು, ಒಂದು ಚಿಕ್ಕದು, ಬೇಕೆಂದೇ ಹಾಗೆ ಆರಿಸಿದ್ದೆ. ಈ ಮೀನುಗಳಲ್ಲಿ ಹುಟ್ಟುವಾಗ ಹೆಣ್ಣು ಅಂತ ಇರುವುದಿಲ್ಲ. ಗುಂಪಿನಲ್ಲಿ ಮೇಲುಗೈ ಆದದ್ದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡಾಗಿ ಉಳಿಯುತ್ತದೆ. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ. ಒಂದು ದಿನ ಮಂಗಳೂರಿನಿಂದ ಬಂದಿದ್ದ ಅಮ್ಮ ಟ್ಯಾಂಕ್ ಮುಂದೆ ನಿಂತು ಕರೆದರು: "ಎಂತದಾ ಇದು, ಸಣ್ಣದು ನಡುಗ್ತಾ ಉಂಟಲ್ಲ, ಚಳಿಯಾ ಅದಕ್ಕೆ?" ಓಡಿ ಬಂದು ನೋಡಿದೆ. ಚಿಕ್ಕದು ದೊಡ್ಡದರ ಎದುರು ಪಕ್ಕಕ್ಕೆ ವಾಲಿ ಮೈ ಅದುರಿಸುತ್ತಿತ್ತು. ನೀನೇ ದೊಡ್ಡವಳು ಎಂದು ಒಪ್ಪಿಕೊಳ್ಳುವ ರೀತಿ ಅದು. ಜೋಡಿ ಕೂಡಿದೆ ಅಂತ ನನಗೆ ಆ ದಿನ ಖಾತ್ರಿಯಾಯಿತು.

ಕಲ್ಲಿನ ಮೂಲೆಯಲ್ಲಿ ಒಂದು ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿಟ್ಟಿದ್ದೆ. ಅವೆರಡೂ ಅದನ್ನೇ ಮನೆ ಮಾಡಿಕೊಂಡವು. ದಿನಕ್ಕೆ ಮೂರು ಸಲ ಊಟ: ಸಣ್ಣಗೆ ಹೆಚ್ಚಿದ ಸಿಗಡಿ, ಮರುವಾಯಿ (ಚಿಪ್ಪು) ಮಾಂಸ, ಮಧ್ಯೆ ಒಂದು ಸಲ ಹರಳು ತಿಂಡಿ. ಮರುವಾಯಿ ಶುರು ಮಾಡಿದ ಮೇಲೆ ಹೆಣ್ಣಿನ ಹೊಟ್ಟೆ ತುಂಬಿಕೊಂಡಿದ್ದು ಕಣ್ಣಿಗೇ ಕಾಣುತ್ತಿತ್ತು. ಜೋಡಿಯಾಗಿ 14 ತಿಂಗಳಿಗೆ ಒಂದು ಸಂಜೆ ಗಂಡು ಕುಡಿಕೆಯ ಒಳಗೋಡೆಯನ್ನು ಬಾಯಿಂದ ಕಚ್ಚಿ ಕಚ್ಚಿ ಉಜ್ಜುತ್ತಿತ್ತು. ಮಾರನೇ ದಿನ ಅಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳು ಸಾಲಾಗಿ ಅಂಟಿದ್ದವು. ಸುಮಾರು ಮುನ್ನೂರು.

ಮೊಟ್ಟೆ ಕಾಯುವುದು ಗಂಡಿನ ಕೆಲಸ. ಎದೆಯ ರೆಕ್ಕೆಯಿಂದ ಸದಾ ಅವುಗಳ ಮೇಲೆ ನೀರು ಬೀಸುತ್ತದೆ, ಕೆಟ್ಟ ಮೊಟ್ಟೆಗಳನ್ನು ಹೆಕ್ಕಿ ತೆಗೆಯುತ್ತದೆ. ಮೂರ್ನಾಲ್ಕು ದಿನಕ್ಕೆ ಮೊಟ್ಟೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಒಂದೊಂದರಲ್ಲೂ ಎರಡು ಕಣ್ಣು. ಕೊನೆಯ ದಿನ ಆ ಕಣ್ಣುಗಳು ಬೆಳ್ಳಿಯ ಹಾಗೆ ಹೊಳೆಯುತ್ತವೆ. ನನ್ನ ಟ್ಯಾಂಕ್‌ನಲ್ಲಿ ಎಂಟನೇ ರಾತ್ರಿ ಒಡೆಯುತ್ತವೆ, ದೀಪ ಆರಿದ ಒಂದೆರಡು ಗಂಟೆಯೊಳಗೆ.

ಮೊದಲ ಸಲದ ಮೊಟ್ಟೆಗಳನ್ನು ಅಪ್ಪ ಅಮ್ಮನೇ ತಿಂದವು. ಹೊಸ ಜೋಡಿ ಹಾಗೆ ಮಾಡುವುದು ಸಾಮಾನ್ಯ. ಎರಡನೇ ಸಲ ಮೊಟ್ಟೆ ಟ್ಯಾಂಕ್‌ನಲ್ಲೇ ಒಡೆದವು. ಬೆಳಿಗ್ಗೆ ಎದ್ದು ನೋಡಿದರೆ ಒಂದು ಮರಿಯೂ ಇಲ್ಲ. ಉಳಿದ ಮೀನುಗಳ ಹೊಟ್ಟೆಗೆ, ಫಿಲ್ಟರ್‌ಗೆ ಹೋಗಿದ್ದವು. ಮೂರನೇ ಸಲ ಮರಿಗಳನ್ನು ಬೇರೆ ತೊಟ್ಟಿಗೆ ತಂದೆ, ಆದರೆ ಕೊಡಲು ಸರಿಯಾದ ಊಟ ಇರಲಿಲ್ಲ. ಪುಡಿ ತಿಂಡಿ ಹಾಕಿದೆ, ಅವು ಮೂಸಲಿಲ್ಲ. ಮೂರನೇ ದಿನ ಎಲ್ಲವೂ ತಳದಲ್ಲಿ ಬಿದ್ದಿದ್ದವು. ಆ ಬೆಳಿಗ್ಗೆ ತುಂಬಾ ಬೇಜಾರಾಯಿತು. ನನ್ನ ತಯಾರಿ ಸಾಲದೆ ಅಷ್ಟು ಜೀವ ಹೋಯಿತಲ್ಲ ಅಂತ.

ಈಗ ತಾನೇ ಹುಟ್ಟಿದ ಕ್ಲೌನ್ ಮರಿ 3–4 ಮಿಲಿಮೀಟರ್ ಉದ್ದ. ಎದುರಿಗೆ ಅಲುಗಾಡುವ ಜೀವಂತ ಆಹಾರವನ್ನು ಮಾತ್ರ ಹಿಡಿಯುತ್ತದೆ. ಎಲ್ಲರೂ ಕೊಡುವ ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಮರಿಯೂ ಮೊದಲ ದಿನಗಳಲ್ಲಿ ಅದರ ಬಾಯಿಗೆ ದೊಡ್ಡದು. ಬೇಕಾದ್ದು ರೋಟಿಫರ್, ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟಿರುವ ಜೀವಿ. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮರಿಗಳನ್ನು ಸಾಕುವುದೂ ಇದರಿಂದಲೇ. ಪರಿಚಯದವರೊಬ್ಬರು ಒಂದು ಬಾಟಲಿಯಲ್ಲಿ ಅರ್ಧ ಲೀಟರ್ ರೋಟಿಫರ್ ನೀರು ಕೊಟ್ಟರು.

ಅದನ್ನು ಬೆಳೆಸುವುದು ಮೊಸರಿಗೆ ಹೆಪ್ಪು ಎತ್ತಿಡುವ ಹಾಗೆ. ಎಷ್ಟೇ ಬೇಕಾದರೂ ಎಲ್ಲ ಖಾಲಿ ಮಾಡಬಾರದು. 20 ಲೀಟರಿನ ಬಕೆಟ್, ಸ್ವಲ್ಪ ಕಡಿಮೆ ಉಪ್ಪಿನ ನೀರು, ಸಣ್ಣಗೆ ಗಾಳಿ, ಊಟಕ್ಕೆ ನ್ಯಾನೋಕ್ಲೋರಾಪ್ಸಿಸ್ ಎಂಬ ಹಸಿರು ಪಾಚಿ. ಪಾಚಿಯನ್ನು ಕಿಟಕಿ ಪಕ್ಕ ಟ್ಯೂಬ್‌ಲೈಟ್ ಕೆಳಗೆ ಬಾಟಲಿಗಳಲ್ಲಿ ಬೆಳೆಸುತ್ತೇನೆ. ದಿನಾ ಬಕೆಟ್‌ನ ಕಾಲು ಭಾಗ ತೆಗೆದು 53 ಮೈಕ್ರಾನ್ ಜಾಲರಿಯಲ್ಲಿ ಸೋಸಬೇಕು. ಜಾಲರಿ ಮೇಲೆ ನಿಲ್ಲುವ ತೆಳು ಬೂದು ಕೆನೆಯೇ ರೋಟಿಫರ್. ತೆಗೆದಷ್ಟೇ ಹೊಸ ನೀರು ಹಾಕಬೇಕು. ಗಾಜಿನ ಲೋಟಕ್ಕೆ ಸ್ವಲ್ಪ ತೆಗೆದುಕೊಂಡು ಹಿಂದಿನಿಂದ ಟಾರ್ಚ್ ಬಿಟ್ಟರೆ ಬಿಸಿಲಕೋಲಿನ ಧೂಳಿನ ಹಾಗೆ ಓಡಾಡುವುದು ಕಾಣುತ್ತದೆ. ನೊರೆ ಜಾಸ್ತಿಯಾಗಿ ವಾಸನೆ ಬಂದರೆ ಬಕೆಟ್ ಕೆಡುತ್ತಿದೆ ಅಂತ ಅರ್ಥ. ಅದಕ್ಕೇ ಎರಡು ಬಕೆಟ್, ಎರಡು ಬೇರೆ ಕೋಣೆಗಳಲ್ಲಿ.

ನಾಲ್ಕನೇ ಸಲ ರೋಟಿಫರ್ ಇತ್ತು, ಮರಿಗಳು ಐದು ದಿನ ಬದುಕಿದವು. ಆರನೇ ದಿನ ಅಮೋನಿಯಾ ಏರಿತು. ತಿನ್ನಿಸುವ ಆಸೆಯಲ್ಲಿ ಸುರಿದಿದ್ದೇ ಜಾಸ್ತಿಯಾಗಿ ತಳದಲ್ಲಿ ಕೊಳೆತಿತ್ತು.

ಐದನೇ ಸಲ ಎಂಟನೇ ದಿನದ ಸಂಜೆ ಕುಡಿಕೆಯನ್ನು ನೀರಿನೊಳಗೇ ಬಕೆಟ್‌ಗೆ ಜಾರಿಸಿ, 40 ಲೀಟರಿನ ಮರಿ ತೊಟ್ಟಿಗೆ ತಂದೆ. ತೊಟ್ಟಿಯ ನೀರು ದೊಡ್ಡ ಟ್ಯಾಂಕ್‌ನದ್ದೇ. ಸುತ್ತ ಕಪ್ಪು ಕಾಗದ ಅಂಟಿಸಿದ್ದೆ, ಯಾಕೆಂದರೆ ಗಾಜಿನಲ್ಲಿ ಬೆಳಕು ಹೊಳೆದರೆ ಮರಿಗಳು ಹೋಗಿ ತಲೆ ಬಡಿದುಕೊಳ್ಳುತ್ತವೆ. ಅಪ್ಪನ ರೆಕ್ಕೆಯ ಬದಲು ಕುಡಿಕೆಯ ಪಕ್ಕ ಗಾಳಿಕಲ್ಲು ಇಟ್ಟೆ. ಏಳೂವರೆಗೆ ದೀಪ ಆರಿಸಿದೆ. ಎಂಟೂಕಾಲಿಗೆ ಕರೆಂಟ್ ಹೋಯಿತು! ಬ್ಯಾಟರಿ ಪಂಪ್ ಸಿಕ್ಕಿಸುವಷ್ಟರಲ್ಲಿ ಕೈ ನಡುಗುತ್ತಿತ್ತು. ಒಂಬತ್ತು ಗಂಟೆಗೆ ಕೆಂಪು ಬಟ್ಟೆ ಕಟ್ಟಿದ ಟಾರ್ಚ್ ಹಿಡಿದು ನೋಡಿದೆ. ಗಾಳಿಗುಳ್ಳೆಗಳ ಜೊತೆ ಮೊಟ್ಟೆಗಳಿಂದ ಒಂದೊಂದೇ ಮರಿ ಬಿಡಿಸಿಕೊಂಡು ಮೇಲೆ ಬರುತ್ತಿತ್ತು. ಗಾಜಿನ ಚೂರಿಗೆ ಎರಡು ಕಣ್ಣು ಅಂಟಿಸಿದ ಹಾಗೆ. ಹತ್ತು ಗಂಟೆಗೆ ಕುಡಿಕೆ ಖಾಲಿ.

ಬೆಳಿಗ್ಗೆ ನೀರಿಗೆ ತಿಳಿಹಸಿರು ಬರುವಷ್ಟು ಪಾಚಿ ಬೆರೆಸಿದೆ. ಬೆಳಕೂ ಮಂದವಾಗುತ್ತದೆ, ರೋಟಿಫರ್‌ಗಳಿಗೂ ಹೊಟ್ಟೆ ತುಂಬುತ್ತದೆ. ಒಂದು ಮಿಲಿಲೀಟರ್‌ನಲ್ಲಿ ಸುಮಾರು ಹತ್ತು ರೋಟಿಫರ್ ಇರುವಂತೆ ದಿನಕ್ಕೆ ಎರಡು ಸಲ ಭೂತಗನ್ನಡಿಯಲ್ಲಿ ಎಣಿಸಿ ಹಾಕಿದೆ. ಬೇಟೆ ಕಂಡಾಗ ಮರಿ ಬಿಲ್ಲಿನ ಹಾಗೆ ಬಾಗಿ ನಿಂತು, ಫಟ್ಟನೆ ಮುಂದೆ ಹಾರುತ್ತದೆ. ಅದನ್ನು ನೋಡುತ್ತಾ ಆಫೀಸಿಗೆ ತಡವಾದ ದಿನಗಳಿವೆ. ತಳದ ಕೊಳೆಯನ್ನು ದಿನಾ ಗಾಳಿ ಟ್ಯೂಬ್‌ನಲ್ಲೇ ಎಳೆದು, ತೆಗೆದ ನೀರಿನಷ್ಟು ಹೊಸದನ್ನು ಹನಿಹನಿಯಾಗಿ ಬಿಟ್ಟೆ. ಐದನೇ ದಿನದಿಂದ ಆಗಷ್ಟೇ ಒಡೆದ ಆರ್ಟೀಮಿಯಾ ಸ್ವಲ್ಪ ಸ್ವಲ್ಪ ಶುರು. ಹನ್ನೊಂದನೇ ದಿನ ಒಂದು ಮರಿಯ ತಲೆಯ ಹಿಂದೆ ಬಿಳಿ ಗೆರೆ ಮೂಡಿತು. ಆಮೇಲೆ ಇನ್ನೊಂದು, ಮತ್ತೊಂದು. ಅಲ್ಲಿವರೆಗೆ ಮಧ್ಯನೀರಿನಲ್ಲಿ ತೇಲುತ್ತಿದ್ದವು ತಳಕ್ಕೆ ಇಳಿದು ಆ ಪುಟ್ಟ ಮೈಯನ್ನು ಕುಲುಕಾಡಿಸುತ್ತಾ ಈಜತೊಡಗಿದವು. ಎರಡು ತಿಂಗಳಿಗೆ ಎಣಿಸಿದಾಗ 62.

ಅವುಗಳಲ್ಲಿ ಜಾಸ್ತಿ ಪಾಲು ಉಪ್ಪುನೀರಿನ ಟ್ಯಾಂಕ್ ಇರುವ ಪರಿಚಯದವರ ಮನೆ ಸೇರಿದವು. ಮರಿ ಮಾಡುವ ಆಸೆ ಇದ್ದ ಒಬ್ಬರಿಗೆ ಜೊತೆಗೆ ಅರ್ಧ ಲೀಟರ್ ರೋಟಿಫರ್ ನೀರನ್ನೂ ಕೊಟ್ಟೆ, ನನಗೆ ಬಂದಿದ್ದ ಅದೇ ಬಾಟಲಿಯಲ್ಲಿ. ಆಮೇಲೆ ಬೇಸಿಗೆಯಲ್ಲಿ ನಾವೆಲ್ಲ ಊರಿಗೆ ಹೋಗಿದ್ದಾಗ ನನ್ನ ಎರಡೂ ಬಕೆಟ್ ಕೆಟ್ಟುಹೋದವು. ಕುಡಿಕೆಯಲ್ಲಿ ಆರು ದಿನದ ಮೊಟ್ಟೆ ಇತ್ತು. ಅವರ ಮನೆಗೆ ಹೋಗಿ ಅದೇ ಬಾಟಲಿಯಲ್ಲಿ ಹೆಪ್ಪು ವಾಪಸ್ ತಂದೆ. ಎರಡು ದಿನದಲ್ಲಿ ಬಕೆಟ್ ತುಂಬುವುದಿಲ್ಲ. ಹಾಗಾಗಿ ಆ ಸಲದ ಮೊಟ್ಟೆಗಳನ್ನು ಟ್ಯಾಂಕ್‌ನಲ್ಲೇ ಬಿಟ್ಟೆ. ಮುಂದಿನ ಸಲ ಅವು ಮೊಟ್ಟೆ ಇಡುವ ಹೊತ್ತಿಗೆ ಎರಡೂ ಬಕೆಟ್ ತುಂಬಿದ್ದವು.