ಕುದುರೆ ಪಥದಲ್ಲಿ 1903ರ ಒಂದು ಮೈಲಿ: ನಾನು ಲೆಕ್ಕ ಹಾಕಿದ ಬಗೆ

ಅಮೆರಿಕದ ಇಂಡಿಯಾನಾಪೊಲಿಸ್ ಎಂದರೆ ಬಹಳ ಮಂದಿಗೆ ನೆನಪಾಗುವುದು 1909ರಲ್ಲಿ ಆರಂಭವಾದ ಸ್ಪೀಡ್‌ವೇ ಎಂಬ ಕಾರು ಓಟದ ಪಥ. ಈ ಊರಿನ ಮೋಟಾರು ಓಟದ ಚರಿತ್ರೆ ಅದಕ್ಕಿಂತ ಹಳೆಯದು. ಅದರ ಮೊದಲ ಪುಟಗಳು ಇಂಡಿಯಾನಾ ಸ್ಟೇಟ್ ಫೇರ್ ಮೈದಾನದ ಒಂದು ಮೈಲಿಯ ಮಣ್ಣಿನ ಪಥದಲ್ಲಿವೆ. ನಮ್ಮ ಕಡೆಯ ಕೃಷಿ ಮೇಳದಂತೆ ರೈತರೂ ದನಕರುಗಳೂ ಸೇರುವ ಆ ಜಾಗದಲ್ಲಿ ಪಥವಿದ್ದದ್ದು ಹಗುರವಾದ ಗಾಡಿ ಕಟ್ಟಿಕೊಂಡು ಓಡುವ ಕುದುರೆಗಳಿಗಾಗಿ. ಇಲ್ಲಿ ನೆಲೆಸಿರುವ ನಾನು ಅಳತೆಯ ಕೆಲಸದ ಎಂಜಿನಿಯರ್. ಬಡಾವಣೆಯ ಗ್ರಂಥಾಲಯದಲ್ಲಿ ಈ ವಿಷಯದ ಮೇಲೆ ಉಪನ್ಯಾಸ ಕೊಡಲು ಒಪ್ಪಿಕೊಂಡ ಮೇಲೆ, ಒಂದೇ ಒಂದು ದಿನವನ್ನು ಹಿಡಿದು ಅದನ್ನು ಸರಿಯಾಗಿ ತಿಳಿಯಬೇಕೆಂದು ನಿರ್ಧರಿಸಿದೆ.

ಆ ದಿನ 1903ರ ಜೂನ್ 20. ಸೈಕಲ್ ಪಂದ್ಯಗಳಿಂದ ಬಂದ ಬಾರ್ನಿ ಓಲ್ಡ್‌ಫೀಲ್ಡ್ ಅಂದು ಇಲ್ಲಿ ಒಂದು ಮೈಲಿಯನ್ನು ಒಂದು ನಿಮಿಷದೊಳಗೆ ಮುಗಿಸಿದರು. ಸುತ್ತುಪಥದಲ್ಲಿ ಅದುವರೆಗೆ ಯಾರೂ ಅದನ್ನು ಸಾಧಿಸಿರಲಿಲ್ಲ. ಹಳೆಯ ಪತ್ರಿಕೆಯ ಮೈಕ್ರೋಫಿಲ್ಮಿನಲ್ಲಿ ಕಾಲದ ಅಂಕಿ ಸಿಕ್ಕಿತು, ಆದರೆ ಭಿನ್ನರಾಶಿಯ ಕೆಳಗಿನ ಅಂಕೆ ಶಾಯಿ ಹರಡಿ ಮಸುಕಾಗಿತ್ತು. ಅದಕ್ಕೂ ಮೊದಲು ಕುದುರೆ ಓಟದ ಫಲಿತಾಂಶಗಳನ್ನು ಓದಿ ಕಣ್ಣು ಕಾಲು ಸೆಕೆಂಡುಗಳಿಗೆ ಒಗ್ಗಿಹೋಗಿದ್ದರಿಂದ, ನಾನು ಅದನ್ನು 59 3/4 ಎಂದು ಬರೆದುಕೊಂಡು ಮನೆಗೆ ಬಂದೆ. ಆಮೇಲೆ ಅದೇ ಬೇಸಿಗೆಯ ಬೇರೆ ಕಾರು ಓಟಗಳ ವರದಿಗಳನ್ನು ಜೋಡಿಸಿ ನೋಡಿದಾಗ, ಮೋಟಾರಿನವರ ಗಡಿಯಾರಗಳು ಸೆಕೆಂಡನ್ನು ನಾಲ್ಕಾಗಿ ಅಲ್ಲ, ಐದಾಗಿ ಒಡೆಯುತ್ತಿದ್ದವು ಎಂಬುದು ಸ್ಪಷ್ಟವಾಯಿತು. ಸರಿಯಾದ ಅಂಕಿ 59 3/5. ಹಳೆಯ ದಾಖಲೆ ಓದುವವರು ಅಳತೆಯ ಉಪಕರಣ ಯಾವುದೆಂದು ಮೊದಲು ಕೇಳಿಕೊಳ್ಳಬೇಕು ಎಂದು ಅಂದಿನಿಂದ ನಂಬಿದ್ದೇನೆ.

ಈ ಅಂಕಿಯನ್ನು ಕುದುರೆಯ ಪಕ್ಕದಲ್ಲಿಟ್ಟಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಮೈಲಿಯನ್ನು ಎರಡು ನಿಮಿಷದೊಳಗೆ ಓಡಿದ ಮೊದಲ ಗಾಡಿಕುದುರೆ ಸ್ಟಾರ್ ಪಾಯಿಂಟರ್. 1897ರಲ್ಲಿ ಮ್ಯಾಸಚೂಸೆಟ್ಸ್‌ನ ರೀಡ್‌ವಿಲ್‌ನಲ್ಲಿ ಅದು ತೆಗೆದುಕೊಂಡ ಕಾಲ 1 ನಿಮಿಷ 59 1/4 ಸೆಕೆಂಡು. ಆರು ವರ್ಷ ಕಳೆಯುವುದರೊಳಗೆ ಕಾರು ಅದನ್ನು ಹೆಚ್ಚುಕಡಿಮೆ ಸರಿಯಾಗಿ ಅರ್ಧಕ್ಕೆ ಇಳಿಸಿತ್ತು. ಕುದುರೆಯ ವೇಗವನ್ನು ಕಣ್ಣಳತೆಯಲ್ಲೇ ಬಲ್ಲ ರೈತರು ಬೇಲಿಗೆ ಒರಗಿ ನೋಡಿದ್ದು ಇದನ್ನು.

ವೇಗದ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಕುದುರೆ ಪಥದ ಮೈಲಿಯನ್ನು ಒಳಬೇಲಿಯಿಂದ ಮೂರು ಅಡಿ ಹೊರಗೆ ಅಳೆಯುವುದು ರೂಢಿ, ಏಕೆಂದರೆ ಕುದುರೆ ಬೇಲಿಗೆ ಅಂಟಿಕೊಂಡೇ ಓಡುತ್ತದೆ. ಕಾರು ಹಾಗೆ ಓಡಲಾರದು. ಅಳತೆಯ ಗೆರೆಯಿಂದ ಹತ್ತು ಅಡಿ ಹೊರಗೆ ಸಾಗಿದರೆ, ಪಥ ಎಷ್ಟೇ ದೊಡ್ಡದಿರಲಿ, ಒಂದು ಸುತ್ತಿಗೆ ಸುಮಾರು 63 ಅಡಿ ಹೆಚ್ಚಾಗುತ್ತದೆ. ಇದನ್ನು ನಂಬದ ನನ್ನ ಮಗಳಿಗಾಗಿ ಅಂಗಳದಲ್ಲಿ ಹಗ್ಗದಿಂದ ಸಣ್ಣದೊಂದು, ದೊಡ್ಡದೊಂದು ವೃತ್ತ ಹಾಕಿ, ಎರಡರ ಸುತ್ತಲೂ ಒಂದಡಿ ಬಿಟ್ಟು ಇನ್ನೊಂದು ಹಗ್ಗ ಸುತ್ತಿದೆ. ಎರಡರಲ್ಲೂ ಹೆಚ್ಚಿಗೆ ಬೇಕಾದ ಹಗ್ಗ ಆರೂಕಾಲು ಅಡಿಯೇ. ಹೀಗಾಗಿ ಕಾಗದದ ಮೇಲೆ ಗಂಟೆಗೆ 60.4 ಮೈಲಿ ಇರುವ ವೇಗ, ಹತ್ತು ಅಡಿ ಹೊರಗಿನ ಸಾಲಿನಲ್ಲಿ 61ನ್ನು ದಾಟುತ್ತದೆ.

ಓಲ್ಡ್‌ಫೀಲ್ಡ್ ಅವರು ಅಂದು ಓಡಿಸಿದ್ದು ಹೆನ್ರಿ ಫೋರ್ಡ್ ಮತ್ತು ಸೈಕಲ್ ಓಟಗಾರ ಟಾಮ್ ಕೂಪರ್ ಸೇರಿ 1902ರಲ್ಲಿ ಕಟ್ಟಿಸಿದ ಮಾದರಿಯ ಕಾರು: ನಾಲ್ಕು ಸಿಲಿಂಡರು, ಸುಮಾರು 18.9 ಲೀಟರಿನ ಎಂಜಿನ್, ಹೊರಮೈಯೇ ಇಲ್ಲದ ಚೌಕಟ್ಟು, ಸ್ಟಿಯರಿಂಗ್ ಚಕ್ರದ ಬದಲು ಸೈಕಲ್ಲಿನಂತೆ ಎರಡೂ ಕೈಯಿಂದ ಹಿಡಿಯುವ ಅಡ್ಡಪಟ್ಟಿ. ಮಳೆ ಬಿದ್ದ ಮರುದಿನ ಅಂಥ ಪಥದ ಮಣ್ಣನ್ನು ಕೈಗೆತ್ತಿಕೊಂಡು ನೋಡಿದ್ದೇನೆ. ಮೇಲ್ಪದರ ಉಂಡೆ ಕಟ್ಟುತ್ತದೆ, ಬಿಸಿಲೇರಿದಂತೆ ರಾಗಿ ಹಿಟ್ಟಿನಷ್ಟು ನುಣುಪಾದ ಧೂಳಾಗುತ್ತದೆ. ಗೊರಸಿಗೆ ಮೆತ್ತಗಿರಲೆಂದು ಹದಗೊಳಿಸಿದ ಆ ಪದರದ ಮೇಲೆ ಹಿಂಚಕ್ರ ಜಾರದೆ ತಿರುವು ದಾಟುವುದು ಅಸಾಧ್ಯ. ಹಿಂದೆ ಬರುವವನಿಗೆ ಧೂಳಲ್ಲದೆ ಬೇರೇನೂ ಕಾಣದು.

1905ರ ನವೆಂಬರಿನಲ್ಲಿ ಇದೇ ಪಥದ ಮೇಲೆ ನ್ಯಾಷನಲ್ ಎಂಬ ಕಂಪನಿಯ ಕಾರೊಂದು 24 ಗಂಟೆಗಳಲ್ಲಿ 1,094 ಮೈಲಿ ಓಡಿತು. ಆ ಪ್ರಯತ್ನದ ಹಿಂದಿದ್ದ ಕಾರ್ಲ್ ಫಿಶರ್ ಅವರೇ ನಾಲ್ಕು ವರ್ಷಗಳ ನಂತರ, ಕಾರುಗಳಿಗೆಂದೇ ಅಗಲವಾದ ಪಥ ಬೇಕೆಂದು, ಸ್ಪೀಡ್‌ವೇ ಕಟ್ಟಿದವರಲ್ಲಿ ಮುಖ್ಯರಾದರು.

ಉಪನ್ಯಾಸದ ಹಾಳೆಯಲ್ಲಿ ಓಲ್ಡ್‌ಫೀಲ್ಡ್ ಅವರ ಕಾಲವನ್ನು 59.6 ಎಂದು ಬದಲಿಸದೆ, ಗಡಿಯಾರ ತೋರಿಸಿದಂತೆ 59 3/5 ಎಂದೇ ಉಳಿಸಿಕೊಂಡೆ.